ಭಾವನ ಎಡ ಮುಂಗಾಲು

ಆ ಬೆಳಿಗ್ಗೆ ಲಾಯದಿಂದ ಹೊರಗೆ ಬಂದ ಭಾವ ಹೆಜ್ಜೆ ಬಿಟ್ಟು ಹೆಜ್ಜೆಗೆ ತಲೆಯಾಡಿಸುತ್ತಿದ್ದ. ಯಾರೋ ಏನೋ ಕೇಳಿದ್ದಕ್ಕೆ, ಹೌದು, ಹೌದು, ನೀವು ಹೇಳೋದೇ ಸರಿ ಎನ್ನುವವನ ಹಾಗೆ. ಯಾರೂ ಏನೂ ಕೇಳಿರಲಿಲ್ಲ.

ಭಾವ ಎಂದರೆ ಕುದುರೆ. ಕಂದು ಬಣ್ಣದ, ಹೊಟ್ಟೆ ಸ್ವಲ್ಪ ಜೋತುಬಿದ್ದ, ನಿವೃತ್ತ ಹೆಡ್ ಗುಮಾಸ್ತನ ಗಾಂಭೀರ್ಯವಿದ್ದ ಕುದುರೆ. ಈಗಿನ ಮನೆಯ ಯಜಮಾನನ ಮಾವನವರು ಮಂಜುಗಡ್ಡೆಯ ಗಾಡಿ ಹೊಡೆಯುತ್ತಿದ್ದ ಕಾಲದಲ್ಲಿ ಅವರ ಮನೆಗೆ ಬಂದದ್ದು. ‘ದುಡಿದು ಹಾಕೋನು ಇವನು, ಈ ಮನೆಗೆ ಹಿರೀಮಗ ಇವನೇ’ ಎಂದು ಅವರು ತಮ್ಮ ಒಬ್ಬಳೇ ಮಗಳಿಗೆ ಹೇಳಿದ್ದರು. ಮಗಳು ಅದನ್ನು ಅಕ್ಷರಶಃ ನಂಬಿ ಕುದುರೆಯನ್ನು ಅಣ್ಣ ಎಂದು ಕರೆಯತೊಡಗಿದಳು. ದೊಡ್ಡವಳಾದ ಮೇಲೂ ಬಿಡಲಿಲ್ಲ. ಹೀಗಾಗಿ ಅವಳನ್ನು ಮದುವೆಯಾದವನಿಗೆ ಹೆಂಡತಿಯ ಜೊತೆಗೆ ನಾಲ್ಕು ಕಾಲಿನ ಒಬ್ಬ ಭಾವನೂ ಸಿಕ್ಕಿದ. ಮಾವನವರು ತೀರಿಕೊಂಡ ಮೇಲೆ ಭಾವ ತಂಗಿಯ ಮನೆಗೇ ಬಂದು, ಹಿತ್ತಲಿನ ತಗಡಿನ ಶೆಡ್ಡನ್ನು ಲಾಯ ಮಾಡಿಕೊಂಡು ಉಳಿದುಬಿಟ್ಟ. ಈಗ ಇಡೀ ಓಣಿಗೇ ಅವನು ಭಾವ.

ಆ ಮದುವೆಯಾದವನು ಲಕೋಟೆ ಕಾರ್ಖಾನೆಯಲ್ಲಿ ಗುಮಾಸ್ತ. ಲಕೋಟೆಯ ಬಾಯಿಗೆ ಹಚ್ಚಿದ ಅಂಟು ಒಣಗಿದೆಯೋ ಇಲ್ಲವೋ ಎಂದು ನೋಡಿ, ಒಣಗಿದ್ದನ್ನು ಮುಂದಕ್ಕೆ ತಳ್ಳುವುದು ಅವನ ಕೆಲಸ. ಕಾರ್ಖಾನೆಯಲ್ಲಿ ಅವನ ಹೆಸರು ನೆಪರಾಯ. ಅದನ್ನು ಅವನು ಕಷ್ಟಪಟ್ಟು ಸಂಪಾದಿಸಿದ್ದ.

“ರೀ, ಅಣ್ಣ ಕುಂಟ್ತಿದಾನೆ,” ಎಂದಳು ಹೆಂಡತಿ, ಅಂಗಳದಲ್ಲಿ ನಿಂತು ಜಡೆ ಹಾಕಿಕೊಳ್ಳುತ್ತ.

“ಕುಂಟೋದೆಲ್ಲಿ ಬಂತು? ತಲೆ ಆಡಿಸ್ತಿದಾನೆ. ಖುಷಿಯಾಗಿದಾನೆ.”

“ಕುದುರೆ ಹೀಗೆ ತಲೆ ಆಡಿಸಿದ್ರೆ ಖುಷಿ ಅಲ್ಲ, ಕಾಲು ನೋವು. ಅಪ್ಪ ಹೇಳ್ತಿದ್ರು. ಕುದುರೆ ಡಾಕ್ಟರಮ್ಮನಿಗೆ ಫೋನ್ ಮಾಡಿದೀನಿ, ಬರ್ತಾರಂತೆ. ನೀವು ಇವತ್ತು ಮನೇಲಿರಿ.”

“ನಾನಾ? ನೀನಿರಬಾರದಾ?”

“ನಾನು ಹೋಗದಿದ್ರೆ ವಾರ್ಡಲ್ಲಿ ರೋಗಿಗಳನ್ನ ನೋಡೋರಿಲ್ಲ. ನೀವು ಹೋಗದಿದ್ರೆ ಏನಾಗುತ್ತೆ? ಒಂದಷ್ಟು ಲಕೋಟೆ ಬಾಯಿ ಮುಚ್ಚಲ್ಲ, ಅಷ್ಟೇ ತಾನೆ?”

ನರ್ಸಿನ ಜೊತೆ ಸಂಸಾರ ಮಾಡುವವನಿಗೆ ಇದೊಂದು ತೊಂದರೆ. ಅವಳ ಕೆಲಸದ ಮುಂದೆ ಯಾವ ಕೆಲಸವನ್ನಿಟ್ಟರೂ ಲಕೋಟೆಯ ಹಾಗೆ ಹಗುರವಾಗಿ ಕಾಣುತ್ತದೆ. ಅವಳು ಕುದುರೆಯ ಕತ್ತು ಸವರಿ, “ಬರ್ತೀನಣ್ಣ, ಹೆದರ್ಕೋಬೇಡ,” ಎಂದು ಹೇಳಿ, ಗಂಡನಿಗೆ ಏನೂ ಹೇಳದೆ ಬಸ್ಸಿಗೆ ಓಡಿದಳು.

ಹೆದರಬೇಕಾದವನು ಭಾವನಲ್ಲ. ಹೋದ ವಾರವಷ್ಟೇ ಮ್ಯಾನೇಜರು ನೆಪರಾಯನನ್ನು ತಮ್ಮ ಕೋಣೆಗೆ ಕರೆಸಿ, ಕುಡಿಯಲು ನೀರು ಕೊಟ್ಟು, ಮೆಲುದನಿಯಲ್ಲಿ ಮಾತಾಡಿದ್ದರು. ಮ್ಯಾನೇಜರು ಎಂದೂ ಗದರುವವರಲ್ಲ. ಗದರಿದ್ದರೆ ಎಷ್ಟೋ ಚೆನ್ನಾಗಿತ್ತು. “ನಿನ್ನ ಅಜ್ಜಿ ಎರಡು ಸಲ ತೀರ್ಕೊಂಡ್ರು, ನಾನು ಎರಡು ಸಲವೂ ಮರುಗಿದೆ,” ಎಂದಿದ್ದರು. “ನಲ್ಲಿ ತೆರೆದಿಟ್ಟು ಬಂದೆ ಅಂದೆ, ಕಳಿಸಿದೆ. ಪಕ್ಕದ ಮನೆ ಗಿಳಿ ಹಾರಿಹೋಯ್ತು, ಅದು ನನ್ನ ದನಿ ಮಾತ್ರ ಗುರುತಿಸುತ್ತೆ ಅಂದೆ, ಅದಕ್ಕೂ ಕಳಿಸಿದೆ. ಇನ್ನು ಒಂದು, ಒಂದೇ ಒಂದು ನೆಪ ಹೇಳಿದ್ರೂ ನಿನ್ನ ಕುರ್ಚಿಯಲ್ಲಿ ಬೇರೆಯವರು ಕೂತಿರ್ತಾರೆ. ಬೇಜಾರಿಲ್ಲ ತಾನೆ?” ನೆಪರಾಯ ಬೇಜಾರಿಲ್ಲ ಎಂದು ತಲೆಯಾಡಿಸಿ ಬಂದಿದ್ದ. ಅಂಟಿನ ವಾಸನೆಯ ಆ ಕುರ್ಚಿ ಬಿಟ್ಟರೆ ಅವನಿಗೆ ಕೂರುವುದಕ್ಕೆ ಲೋಕದಲ್ಲಿ ಬೇರೆ ಜಾಗವಿರಲಿಲ್ಲ.

ಈಗ ಅವನು ಓಣಿಯ ಮಧ್ಯೆ, ಸಿಗ್ನಲ್ ಸಿಗುವ ಒಂದೇ ಚಪ್ಪಡಿ ಕಲ್ಲಿನ ಮೇಲೆ ನಿಂತು ಫೋನ್ ಹಚ್ಚಿದ. ಮಾವನವರ ಸಾವು ಬಿಟ್ಟರೆ, ರಜೆಗೆ ಇದೇ ಮೊದಲ ಸಲ ನಿಜ ಹೇಳುವುದಿತ್ತು. ಅಭ್ಯಾಸವಿಲ್ಲದ್ದರಿಂದ ನಾಲಗೆ ತೊಡರಿತು.

“ಸರ್, ಇವತ್ತು ಬರೋಕಾಗಲ್ಲ. ಭಾವನಿಗೆ ಕಾಲು ನೋವು. ಕುಂಟ್ತಿದಾರೆ.”

ಆ ಕಡೆ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ನಿನ್ನ ಮಾವ ತೀರ್ಕೊಂಡಾಗ ರಜೆ ತಗೊಂಡಿದ್ದೆ,” ಎಂದರು ಮ್ಯಾನೇಜರು. “ಹೆಂಡತಿ ಒಬ್ಬಳೇ ಮಗಳು, ನಾನೇ ಎಲ್ಲಾ ನೋಡ್ಕೋಬೇಕು ಅಂದಿದ್ದೆ. ಒಬ್ಬಳೇ ಮಗಳಿಗೆ ಅಣ್ಣ ಎಲ್ಲಿಂದ ಬಂದ?”

“ಸ್ವಂತ ಭಾವ ಅಲ್ಲ ಸರ್.”

“ಮತ್ತೆ?”

“ಕುದುರೆ ಸರ್.”



“ಕುಂಟುನೆಪ ಬೇಕಾದಷ್ಟು ಕೇಳಿದೀನಿ,” ಎಂದರು ಮ್ಯಾನೇಜರು, ಇನ್ನಷ್ಟು ಮೆತ್ತಗೆ. “ನೆಪವೇ ಕುಂಟ್ತಾ ಬಂದದ್ದು ಇದೇ ಮೊದಲು. ಆಗಲಿ. ಸಂಜೆ ಕಾರ್ಖಾನೆ ಮುಗಿಸಿ ನಿಮ್ಮನೆಗೆ ಬರ್ತೀನಿ. ಕುದುರೆ ಇದ್ದು, ಅದು ಕುಂಟ್ತಾ ಇದ್ರೆ, ನಾಳೆ ಬಂದು ನಿನ್ನ ಕುರ್ಚಿಯಲ್ಲಿ ಕೂತ್ಕೋ. ಕುಂಟದೆ ಇದ್ರೆ ಬರೋ ತೊಂದರೆ ತಗೋಬೇಡ.”

ಫೋನ್ ಇಟ್ಟಾಗ ನೆಪರಾಯನಿಗೆ ಎದೆ ಹಗುರಾಯಿತು. ಕುದುರೆ ಇತ್ತು, ಕುಂಟುತ್ತಿತ್ತು. ನಿಜ ಹೇಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಅಜ್ಜಿಯನ್ನು ಎರಡನೆಯ ಸಲ ಸಾಯಿಸುತ್ತಲೇ ಇರಲಿಲ್ಲ. ಇನ್ನು ಮಾಡಬೇಕಾದದ್ದು ಒಂದೇ. ಸಂಜೆಯವರೆಗೆ ಭಾವ ಹೀಗೇ ಇರಬೇಕು.

ಆದರೆ ಚಪ್ಪಡಿ ಕಲ್ಲಿನ ಮೇಲೆ ನಿಂತು ಆಡಿದ ಮಾತು ಓಣಿಗೆಲ್ಲ ಕೇಳಿಸಿತ್ತು. ಎದುರಿನ ಚಪ್ಪಲಿ ರಿಪೇರಿ ಅಂಗಡಿಯವನು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು ಎದ್ದೇಬಂದ.

“ಭಾವನಿಗೆ ಕಾಲು ನೋವಂತೆ? ನನ್ನನ್ನ ಕೇಳೋದಲ್ವಾ! ಕಾಲಿನ ವಿಷಯ ನಮ್ಮ ಲೈನು.”

“ಡಾಕ್ಟರಮ್ಮ ಬರ್ತಾರೆ,” ಎಂದ ನೆಪರಾಯ ಲಾಯದ ಬಾಗಿಲಿಗೆ ಅಡ್ಡ ನಿಂತು.

“ಬರಲಿ ಬಿಡಿ, ಅವರು ಬರೋವರೆಗೆ ಎಣ್ಣೆ ಹಚ್ಚಿ ತಿಕ್ತೀನಿ. ತೊಗಲು ಮೆತ್ತಗಾದ್ರೆ ನೋವು ತಾನೇ ಹೋಗುತ್ತೆ. ಯಾವ ಕಾಲು?”

ನೆಪರಾಯನಿಗೂ ಅದು ಗೊತ್ತಿರಲಿಲ್ಲ. ಚಪ್ಪಲಿಯವನು ಭಾವನನ್ನು ಒಂದು ಸುತ್ತು ನಡೆಸಿ, ಬಲಗಾಲು ಊರಿದಾಗೆಲ್ಲ ತಲೆ ಕೆಳಗೆ ಹೋಗುವುದನ್ನು ಕಂಡು, “ಬಲ ಮುಂಗಾಲು! ನೋಡಿ, ಪ್ರತಿ ಸಲ ಬಗ್ಗಿ ಅದನ್ನೇ ನೋಡ್ಕೊಳ್ತಿದಾನೆ, ಪಾಪ,” ಎಂದು ತೀರ್ಪು ಕೊಟ್ಟ. ಆಮೇಲೆ ಶೂಗಳಿಗೆ ಹಚ್ಚುವ ಎಣ್ಣೆ ತಂದು, ಬಲ ಮುಂಗಾಲನ್ನು ಮದುವೆಗೆ ಹೊರಟವನ ಬೂಟಿನ ಹಾಗೆ ಮಿರಮಿರ ಮಿಂಚುವವರೆಗೆ ತಿಕ್ಕಿದ. ನೆಪರಾಯ ಉಸಿರು ಬಿಗಿಹಿಡಿದು ನೋಡಿದ. ಭಾವ ಮತ್ತೆ ನಡೆದ, ಮತ್ತೆ ತಲೆಯಾಡಿಸಿದ. ನೆಪರಾಯನ ಉಸಿರು ಸಡಿಲವಾಯಿತು.

“ಇನ್ನೂ ಕುಂಟ್ತಿದಾನಲ್ರೀ,” ಎಂದ ಚಪ್ಪಲಿಯವನು ಬೇಸರದಿಂದ.

“ಪರವಾಗಿಲ್ಲ ಬಿಡಿ, ಪರವಾಗಿಲ್ಲ,” ಎಂದು ನೆಪರಾಯ ಅವನ ಬೆನ್ನು ತಟ್ಟಿದ.

ಆಗ ಮಹಡಿಯ ಮೇಲಿಂದ ಸೀಟಿ ಕೇಳಿಸಿತು. ಮೇಲಿನ ಮನೆಯ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಸೀಟಿ ಬಿಟ್ಟಿರಲಿಲ್ಲ. ಹಾಲಿನವನನ್ನು ಕರೆಯುವುದಕ್ಕೂ ಅದೇ, ಹೆಂಡತಿಯ ಮಾತಿಗೆ ಉತ್ತರ ಕೊಡುವುದಕ್ಕೂ ಅದೇ.

“ಎಣ್ಣೆ ಅಲ್ರೀ, ತಣ್ಣೀರು!” ಎಂದು ಕೂಗುತ್ತ ಅವರು ಮೆಟ್ಟಿಲಿಳಿದು ಬಂದರು, ಹೆಗಲ ಮೇಲೆ ಹಾವಿನಂತೆ ಸುತ್ತಿದ ನೀರಿನ ಪೈಪು. “ನನ್ನ ಕೈಕೆಳಗೆ ಓಡಿದ ಹುಡುಗರ ಉಳುಕನ್ನೆಲ್ಲ ತಣ್ಣೀರಲ್ಲೇ ತೆಗೆದಿದೀನಿ. ಭಾವ, ಸಾವಧಾನ್!”

“ಮೇಷ್ಟ್ರೇ, ಬೇಡಿ. ಶೀತ ಆಗುತ್ತೆ.”

“ಕುದುರೆಗೆ ಕಾಲಿಂದ ಶೀತ ಆಗೋದು ಎಲ್ಲಾದ್ರೂ ಉಂಟಾ? ಯಾಕ್ರೀ ನೀವು, ಅದು ವಾಸಿ ಆಗೋದು ಇಷ್ಟ ಇಲ್ವಾ?”

ನೆಪರಾಯ ಪೈಪಿನ ತುದಿ ಹಿಡಿದು, ಡಾಕ್ಟರಮ್ಮ ನೋಡಲಿ, ಆಮೇಲೆ ಎಂದು ಅವರನ್ನು ತಡೆದ. ಅವನು ಭಾವನ ಕಡೆ ನೋಡಿದ. ಭಾವ ತನ್ನ ದೊಡ್ಡ, ಒದ್ದೆ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ದೂರಿರಲಿಲ್ಲ. ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡವನಿಗೆ ಇರಬೇಕಾದ ಸಂಕೋಚವಷ್ಟೇ ಇತ್ತು. ‘ಸಂಜೆವರೆಗೆ ಭಾವ,’ ಎಂದು ನೆಪರಾಯ ಮನಸ್ಸಿನಲ್ಲೇ ಹೇಳಿದ. ‘ಆಮೇಲೆ ನೀನು ಬೇಕಾದ್ರೆ ರೇಸಿಗೆ ಹೋಗು.’

ಡಾಕ್ಟರಮ್ಮ ಬಂದದ್ದು ಸ್ಕೂಟರಿನಲ್ಲಿ. ಹಿಂದಿನ ಸೀಟಿನಲ್ಲಿ ಲಾಳ ಹೊಡೆಯುವವನು, ಸುತ್ತಿಗೆಗಳ ಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತಿದ್ದ. ಅವರು ಇಳಿದವರೇ ಯಾರನ್ನೂ ಮಾತಾಡಿಸದೆ ಕುದುರೆಯನ್ನು ಮಾತಾಡಿಸಿದರು. ಮೊದಲು ಹಿತ್ತಲಿನ ಮೆತ್ತನೆಯ ಮಣ್ಣಿನ ಮೇಲೆ ನಡೆಸಿದರು, ಆಮೇಲೆ ಓಣಿಯ ಕಲ್ಲುಹಾಸಿನ ಮೇಲೆ, ಆಮೇಲೆ ಒಂದು ಸುತ್ತು ಎಡಕ್ಕೆ, ಒಂದು ಸುತ್ತು ಬಲಕ್ಕೆ.

“ಎಡ ಮುಂಗಾಲು,” ಎಂದರು.

“ಬಲ,” ಎಂದ ಚಪ್ಪಲಿಯವನು. “ಬಲಗಾಲು ಊರಿದಾಗ ತಲೆ ಬಗ್ಗಿಸ್ತಾನೆ.”

“ಅದಕ್ಕೇ ಎಡ. ನೋವಿರೋ ಕಾಲು ಊರಿದಾಗ ಭಾರ ತಪ್ಪಿಸೋಕೆ ತಲೆ ಮೇಲೆತ್ತುತ್ತೆ. ಚೆನ್ನಾಗಿರೋ ಕಾಲಿನ ಮೇಲೆ ತಲೆ ಇಳಿಸುತ್ತೆ. ಕಲ್ಲಿನ ಮೇಲೆ ಎಡಕ್ಕೆ ತಿರುಗಿಸಿದ್ರೆ ಭಾರ ಎಲ್ಲ ಎಡಗಾಲಿಗೆ, ಆಗ ಚೆನ್ನಾಗಿ ಗೊತ್ತಾಗುತ್ತೆ. ಮಣ್ಣಿನ ಮೇಲೆ ಬಲಕ್ಕೆ ತಿರುಗಿಸಿದ್ರೆ ಅಷ್ಟು ಕಾಣಿಸೋದೇ ಇಲ್ಲ. ಆ ಬಲಗಾಲಿಗೆ ಅಷ್ಟು ಚೆನ್ನಾಗಿ ಪಾಲಿಶ್ ಮಾಡಿದೋರು ಯಾರು?”

ಚಪ್ಪಲಿಯವನು ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಡಾಕ್ಟರಮ್ಮ ಎಡ ಮುಂಗಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ದೊಡ್ಡ ಇಕ್ಕಳದಿಂದ ಗೊರಸಿನ ಸುತ್ತ ಅಲ್ಲಲ್ಲಿ ಮೆಲ್ಲಗೆ ಒತ್ತಿದರು. ಮುಂಭಾಗ ಒತ್ತಿದಾಗ ಭಾವ ಸುಮ್ಮನಿದ್ದ. ಹಿಂಭಾಗಕ್ಕೆ ಬಂದಾಗ ಥಟ್ಟನೆ ಕಾಲೆಳೆದುಕೊಂಡ. “ಕೀವಿಲ್ಲ, ಗಾಯವಿಲ್ಲ. ಗೊರಸಿನ ಹಿಂಭಾಗದ ಒಳಗೆ ನೋವು. ಗಾಡಿ ಎಳೆದ ಕುದುರೆ, ವಯಸ್ಸೂ ಆಗಿದೆ. ವಾಸಿ ಮಾಡಬಹುದು. ದಾರಿ ಕೆಲವಿದೆ. ಮೊದಲನೇದು ಬೇರೆ ಥರದ ಲಾಳ, ಹಿಮ್ಮಡಿ ಕಡೆ ಸ್ವಲ್ಪ ಎತ್ತರಿಸಿದ್ದು. ಅದಕ್ಕೇ ಇವನನ್ನ ಕರ್ಕೊಂಡು ಬಂದಿದೀನಿ. ಈಗಲೇ ಹೊಡೆದ್ರೆ ಸಂಜೆ ಹೊತ್ತಿಗೆ ಎಷ್ಟೋ ಹಗುರ ಆಗುತ್ತೆ.”

“ಸಂಜೆಗಾ?” ಎಂದ ನೆಪರಾಯ, ಕೆಟ್ಟ ಸುದ್ದಿ ಕೇಳಿದವನ ಹಾಗೆ.

“ಇಲ್ಲಾಂದ್ರೆ ಗೊರಸಿನ ಕೀಲಿಗೆ ಇಂಜೆಕ್ಷನ್. ಅದೂ ಬೇಗ ಹಿಡಿಯುತ್ತೆ. ಇಲ್ಲಾಂದ್ರೆ ಬರೀ ನೋವಿನ ಪುಡಿ.”

“ಡಾಕ್ಟ್ರೇ,” ನೆಪರಾಯ ದನಿ ತಗ್ಗಿಸಿದ, “ತೀರಾ ನಿಧಾನದ್ದು ಯಾವುದು?”

ಡಾಕ್ಟರಮ್ಮ ಕುದುರೆಯ ಕಾಲು ಕೆಳಗಿಟ್ಟು ಅವನ ಮುಖ ನೋಡಿದರು. “ಬೇಗದ್ದು ಯಾವುದು ಅಂತ ಕೇಳ್ತಾರೆ. ಸುಲಭದ್ದು ಕೇಳ್ತಾರೆ. ನಿಧಾನದ್ದು ಕೇಳಿದೋರು ನೀವೇ ಮೊದಲು.”

“ನಮ್ಮದು ಅವಸರದ ಮನೆತನ ಅಲ್ಲ.”

“ನಿಧಾನದ್ದು ಅಂದ್ರೆ, ವಿಶ್ರಾಂತಿ ಕೊಟ್ಟು, ಕೈಯಲ್ಲೇ ಹಗ್ಗ ಹಿಡಿದು ದಿನಾ ನಡೆಸೋದು. ಅದೂ ವಾಸಿ ಮಾಡುತ್ತೆ, ಆದ್ರೆ…”

“ಅದೇ ಇರಲಿ!”

“ಪೂರ್ತಿ ಕೇಳಿ.”

“ಕೇಳೋದೇನಿದೆ ಡಾಕ್ಟ್ರೇ, ನಿಮ್ಮ ಮೇಲೆ ನಂಬಿಕೆ. ಪ್ರಕೃತಿ ಚಿಕಿತ್ಸೆ. ಭಾವನಿಗೆ ಸುತ್ತಿಗೆ ಸದ್ದು ಆಗಿಬರಲ್ಲ, ಸೂಜಿ ಕಂಡ್ರೆ ಮೂರ್ಛೆ ಹೋಗ್ತಾನೆ.” ಹೇಳುತ್ತ ಹೇಳುತ್ತ ನೆಪರಾಯನಿಗೆ ತನ್ನ ಹಳೆಯ ವಾಕ್ಶಕ್ತಿ ಮರಳಿ ಬಂದಂತಾಯಿತು. ಲಾಳದವನ ಚೀಲವನ್ನು ತಾನೇ ಎತ್ತಿ ಸ್ಕೂಟರಿನ ಮೇಲಿಟ್ಟ.

ಡಾಕ್ಟರಮ್ಮ ಹೆಚ್ಚು ಒತ್ತಾಯಿಸಲಿಲ್ಲ. “ಮನೆಯವರ ಇಷ್ಟ. ಈ ಪುಡಿಯನ್ನಾದ್ರೂ ಬೂಸಾದಲ್ಲಿ ಬೆರೆಸಿ ಕೊಡಿ, ಅದಕ್ಕೆ ನೋವು ಅನುಭವಿಸೋ ಹಣೆಬರಹ ಯಾಕೆ? ಕಾಲಿಗೆ ಕಟ್ಟೋ ಪಟ್ಟಿ ನನ್ನ ಹತ್ರ ಈಗ ಇಲ್ಲ, ಸಂಜೆ ಹೋಗುವಾಗ ಕೊಟ್ಟುಹೋಗ್ತೀನಿ.”

ನೆಪರಾಯ ಪುಡಿಯ ಪೊಟ್ಟಣವನ್ನು ಲಾಯದ ಕಿಟಕಿಯಲ್ಲಿಟ್ಟ. ‘ಹೊಟ್ಟೆ ತುಂಬಿದ ಮೇಲೆ ಕೊಟ್ರಾಯ್ತು’ ಎಂದುಕೊಂಡ. ಸ್ವಲ್ಪ ಹೊತ್ತಿಗೆ, ‘ಮಧ್ಯಾಹ್ನದ ನಿದ್ದೆ ಆದ ಮೇಲೆ’ ಎಂದುಕೊಂಡ. ತನಗೆ ತಾನೇ ನೆಪ ಹೇಳಿಕೊಳ್ಳುವುದು ಅವನಿಗೆ ಹೊಸ ಅನುಭವ. ಕೇಳುವವನು ಇಷ್ಟು ಸುಲಭವಾಗಿ ನಂಬುತ್ತಾನೆಂದು ತಿಳಿದಿರಲಿಲ್ಲ.

ಊಟ ಮಾಡಿ, ಭಾವನ ಮುಖ ತಪ್ಪಿಸಲೆಂದೇ ಒಳಕೋಣೆಯಲ್ಲಿ ಅಡ್ಡಾದವನಿಗೆ ಜೋಂಪು ಹತ್ತಿತು. ಎಚ್ಚರವಾದದ್ದು ಸೀಟಿಯ ಸದ್ದಿಗೆ.

“ಎಡ, ಬಲ! ಎಡ, ಬಲ! ಭೇಷ್!”

ಹಿತ್ತಲಿಗೆ ಓಡಿಬಂದರೆ, ಡ್ರಿಲ್ ಮೇಷ್ಟ್ರು ಭಾವನನ್ನು ಮಣ್ಣಿನ ಮೇಲೆ ನಡೆಸುತ್ತಿದ್ದರು. ಭಾವನ ಎಡಗಾಲು ಮೊಣಕಾಲಿನವರೆಗೆ ಒದ್ದೆ. ತಲೆ ದೇವರ ದೀಪದ ಜ್ವಾಲೆಯಂತೆ ನಿಶ್ಚಲ. ಆಡುತ್ತಿಲ್ಲ, ಬಗ್ಗುತ್ತಿಲ್ಲ, ಯಾರಿಗೂ ಹೌದು ಎನ್ನುತ್ತಿಲ್ಲ.

“ಪುಡಿ ಕೊಡೋದು ಮರೆತೇಬಿಟ್ಟಿದ್ರಲ್ರೀ!” ಎಂದರು ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ. “ನೀವು ಮಲಗಿದ ತಕ್ಷಣ ನಾನೇ ಬೂಸಾಗೆ ಬೆರೆಸಿ ಕೊಟ್ಟೆ. ಆಮೇಲೆ ಇಷ್ಟು ಹೊತ್ತೂ ತಣ್ಣೀರು. ಥ್ಯಾಂಕ್ಸ್ ಎಲ್ಲ ಬೇಡ, ಅಕ್ಕಪಕ್ಕದವರು ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ?”

ನೆಪರಾಯ ನೀರಿನ ತೊಟ್ಟಿಯ ಅಂಚಿನ ಮೇಲೆ ಕುಳಿತ. ಭಾವ ಅವನ ಹತ್ತಿರ ಬಂದು, ಕೃತಜ್ಞತೆಯಿಂದ, ಹೆಗಲಿಗೆ ಮೂತಿ ಒರೆಸಿದ. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿಸಿತು. ಮ್ಯಾನೇಜರು.

ಮೇಷ್ಟ್ರು ತಂದುಹಾಕಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವರು ನಿಧಾನವಾಗಿ ಕೂತು, ಸೈಕಲ್ ಚೈನಿಗೆ ಸಿಕ್ಕದಂತೆ ಪ್ಯಾಂಟಿಗೆ ಹಾಕಿದ್ದ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡು, ಕುದುರೆಯನ್ನು ನೋಡಿದರು.

“ಇವರೇನಾ ನಿನ್ನ ಭಾವ?”

“ಹೌದು ಸರ್.”

“ನಮಸ್ಕಾರ,” ಎಂದರು ಮ್ಯಾನೇಜರು ಕುದುರೆಗೆ. “ಎಲ್ಲಿ, ನಡೆಸು.”

ನೆಪರಾಯ ಹಗ್ಗ ಹಿಡಿದು ನಡೆಸಿದ. ಭಾವ ಹಿತ್ತಲಿನ ಉದ್ದಕ್ಕೂ ಹೆಣ್ಣು ನೋಡಲು ಬಂದ ವರನ ಹಾಗೆ ಠೀವಿಯಿಂದ ನಡೆದ.

“ನನಗಿಂತ ಚೆನ್ನಾಗಿ ನಡೀತಿದಾರೆ,” ಎಂದು ಮ್ಯಾನೇಜರು ಎದ್ದು ನಿಂತರು. ಕ್ಲಿಪ್ಪು ಜೇಬಿನಿಂದ ಹೊರಗೆ ಬಂತು.

“ಸರ್, ಒಂದ್ನಿಮಿಷ! ಕಲ್ಲಿನ ಮೇಲೆ! ಎಡಕ್ಕೆ!” ನೆಪರಾಯ ಭಾವನನ್ನು ಎಳೆದುಕೊಂಡು ಓಣಿಗೆ ಓಡಿದ. ಕಲ್ಲುಹಾಸಿನ ಮೇಲೆ ಎಡಕ್ಕೆ ತಿರುಗಿಸಿದ. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಎರಡನೆಯ ಸುತ್ತಿನಲ್ಲಿ, ಇನ್ನೂ ಚಿಕ್ಕದಾಗಿ ತಿರುಗಿಸಿದಾಗ, ಭಾವನ ಕಿವಿ ಹಿಂದಕ್ಕೆ ಹೋಯಿತು, ತಲೆ ಸಣ್ಣಗೆ ಮೇಲೆದ್ದು ಇಳಿಯಿತು. ನೆಪರಾಯನಿಗೆ ಒಂದೇ ಕ್ಷಣದಲ್ಲಿ ಸಂತೋಷವೂ ನಾಚಿಕೆಯೂ ಆದವು. ಸಂತೋಷ ಸ್ವಲ್ಪ ಜಾಸ್ತಿ.

ಮ್ಯಾನೇಜರು ಹತ್ತಿರ ಬಂದರು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು.

“ಇವನು ನನ್ನ ಹತ್ರ ಸುಳ್ಳು ಹೇಳ್ತಿದಾನಾ?” ಎಂದು ಮ್ಯಾನೇಜರು ಕುದುರೆಯನ್ನೇ ಕೇಳಿದರು.

ಭಾವ ಒಂದು ಹೆಜ್ಜೆ ಇಟ್ಟು ತಲೆಯಾಡಿಸಿದ. ಓಣಿ ಗೊಳ್ಳೆಂದಿತು. ಆದರೆ ಮ್ಯಾನೇಜರು ನಗಲಿಲ್ಲ. ಅವರು ಕುಕ್ಕರಗಾಲಲ್ಲಿ ಕೂತು, ಎಡ ಮುಂಗಾಲು ನೆಲಕ್ಕೆ ಊರುವುದನ್ನೂ ಎತ್ತುವುದನ್ನೂ ಒಣಗಿದ ಅಂಟನ್ನು ಪರೀಕ್ಷಿಸುವ ಗಮನದಿಂದ ನೋಡಿದರು. ಆಮೇಲೆ ಎದ್ದು, ಕನ್ನಡಕ ತೆಗೆದರು.

“ಕುಂಟ್ತಿದೆ,” ಎಂದರು. “ನಿಜವಾಗ್ಲೂ ಕುಂಟ್ತಿದೆ. ಕ್ಷಮಿಸಪ್ಪಾ. ನಾನು ನಿನ್ನ ನಂಬಲಿಲ್ಲ.”

ಅವರು ಕೈ ಮುಂದೆ ಚಾಚಿದರು. ನೆಪರಾಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕುರ್ಚಿ ಉಳಿಯಿತು. ನೆಪರಾಯನಿಗೆ ಅಳು ಬರುವಂತಾಗಿ, “ಇರಲಿ ಬಿಡಿ ಸರ್, ನಾನೂ ಕೆಲವು ಸಲ…” ಎಂದು ಉದಾರವಾಗಿ ಏನೋ ಹೇಳಹೊರಟ.

ಅದೇ ಹೊತ್ತಿಗೆ ಸ್ಕೂಟರ್ ಬಂತು. ಡಾಕ್ಟರಮ್ಮನ ಹಿಂದೆ ಈ ಸಲ ಕೂತಿದ್ದವಳು ನೆಪರಾಯನ ಹೆಂಡತಿ, ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ದಳು. ಇಳಿದವಳೇ ಭಾವನ ಕತ್ತು ತಬ್ಬಿಕೊಂಡಳು.

“ಏನಂದ್ರು ಡಾಕ್ಟ್ರೇ? ಏನು ಮಾಡ್ತಿದೀವಿ?”

“ನಿಮ್ಮ ಯಜಮಾನ್ರು ಆಗಲೇ ಆರಿಸಿದಾರೆ,” ಎಂದರು ಡಾಕ್ಟರಮ್ಮ ಪಟ್ಟಿ ಕೈಗೆ ಕೊಡುತ್ತ. “ವಿಶ್ರಾಂತಿ, ಕೈಯಲ್ಲಿ ನಡೆಸೋದು. ಪೂರ್ತಿ ಕೇಳಿಸ್ಕೊಳ್ಳೋಕೆ ಪುರಸೊತ್ತಿರಲಿಲ್ಲ ಅವರಿಗೆ, ಈಗ ಹೇಳ್ತೀನಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಮೆತ್ತನೆ ನೆಲದ ಮೇಲೆ ನಡೆಸಬೇಕು. ಒಂದು ಹೊತ್ತು ತಪ್ಪಿದ್ರೂ ಮತ್ತೆ ಮೊದಲಿಂದ. ಹೀಗೆ ತಿಂಗಳುಗಟ್ಟಲೆ. ಈ ವರ್ಷ ಕಳೆಯಬಹುದು.”

“ಒಳ್ಳೇದು,” ಎಂದಳು ಹೆಂಡತಿ. “ಅಣ್ಣನಿಗೋಸ್ಕರ ಅಷ್ಟು ಮಾಡ್ತೀವಿ. ನನಗಂತೂ ಆಸ್ಪತ್ರೆ ಬಿಟ್ಟಿರೋಕಾಗಲ್ಲ.” ಗಂಡನನ್ನು ಅವಳು ಇಷ್ಟು ಪ್ರೀತಿಯಿಂದ ನೋಡಿ ಬಹಳ ದಿನವಾಗಿತ್ತು.

ಮ್ಯಾನೇಜರು ಕನ್ನಡಕ ಹಾಕಿಕೊಂಡರು.

“ಮಧ್ಯಾಹ್ನವೂ ನಡೆಸಬೇಕಾ ಡಾಕ್ಟ್ರೇ?”

“ಅದೇ ಮುಖ್ಯ.”

“ನಡೆಸೋರು?”

ಎಲ್ಲರೂ ನೆಪರಾಯನನ್ನು ನೋಡಿದರು.

“ಡಾಕ್ಟ್ರೇ, ಆ ಲಾಳ!” ನೆಪರಾಯ ಸಿಡಿದೆದ್ದ. “ಲಾಳವೇ ಸರಿ! ಈಗಲೇ ಹೊಡೆಸಿ! ಇಂಜೆಕ್ಷನ್ ಕೊಡಿ! ಎರಡೂ ಮಾಡಿ!”

“ಆ ಲಾಳದ ಕೆಲಸ ಗೊತ್ತಿರೋನು ಊರಲ್ಲಿ ಅವನೊಬ್ಬನೇ. ಕುದುರೆ ಸರ್ಕಸ್ಸಿನ ಜೊತೆ ವರ್ಷವಿಡೀ ಊರೂರು ತಿರುಗೋಕೆ ಮಧ್ಯಾಹ್ನವೇ ರೈಲು ಹತ್ತಿದ. ಅದಕ್ಕೇ ತಾನೆ ಬೆಳಿಗ್ಗೆ ಎಳ್ಕೊಂಡು ಬಂದದ್ದು? ಲಾಳ ಸರಿಯಿಲ್ಲದೆ ಇಂಜೆಕ್ಷನ್ ಕೊಡೋಕೆ ನಾನು ತಯಾರಿಲ್ಲ, ನೋವು ಮರೆತು ಇನ್ನಷ್ಟು ಕೆಡಿಸ್ಕೊಳ್ಳುತ್ತೆ.”

ಮ್ಯಾನೇಜರು ನೆಪರಾಯನ ಹೆಗಲ ಮೇಲೆ ಕೈಯಿಟ್ಟರು. ದನಿ ಎಂದಿಗಿಂತ ಮೆತ್ತಗಿತ್ತು.

“ಅಜ್ಜಿ ತೀರ್ಕೊಂಡ್ರೆ ಒಂದು ದಿನ. ನಲ್ಲಿ ತೆರೆದಿಟ್ರೆ ಅರ್ಧ ದಿನ. ಗಿಳಿಗೂ ಒಂದೇ ದಿನ. ಸುಳ್ಳಾದ್ರೂ ಅದರಲ್ಲಿ ಒಂದು ಶಿಸ್ತಿತ್ತು. ಮಾರನೇ ದಿನ ನೀನು ಕುರ್ಚಿಯಲ್ಲಿ ಇರ್ತಿದ್ದೆ. ಇದು ಹಾಗಲ್ಲ, ನಿಜ. ನಿಜಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ. ಸುಳ್ಳು ಹೇಳೋನನ್ನ ಬೈದು ಇಟ್ಕೋಬಹುದು. ಭಾವನನ್ನ ಮಧ್ಯಾಹ್ನ ಮಧ್ಯಾಹ್ನ ನಡೆಸೋನಿಗೆ ನಾನು ಕುರ್ಚಿ ಹೇಗೆ ಕಾಯ್ಲಿ ಹೇಳು?”

“ಸುಳ್ಳು ಸರ್!” ಎಂದು ನೆಪರಾಯ ಕೂಗಿದ. “ಸುಳ್ಳು ಹೇಳಿದೆ! ಭಾವ ಕುಂಟ್ತಿಲ್ಲ. ನೆಪ ಸರ್, ಶುದ್ಧ ಕುಂಟುನೆಪ! ನೋಡಿ!”

ಅವನು ಹಗ್ಗ ಹಿಡಿದು ಭಾವನನ್ನು ಹಿತ್ತಲಿನ ಮಣ್ಣಿಗೆ ಓಡಿಸಿದ. ಬಲಕ್ಕೆ ತಿರುಗಿಸಿದ. ಪುಡಿ ಹಿಡಿದಿತ್ತು, ತಣ್ಣೀರು ಹಿಡಿದಿತ್ತು, ನೆಲ ಮೆತ್ತಗಿತ್ತು. ಭಾವ ತೊಟ್ಟಿಲು ತೂಗಿದಷ್ಟು ಸಮನಾಗಿ ನಡೆದ. ಆ ಕುದುರೆಯಲ್ಲಿ ಆಗ ಎಳ್ಳಷ್ಟೂ ಕುಂಟು ಇರಲಿಲ್ಲ. ಇಡೀ ದಿನದಲ್ಲಿ ಅಷ್ಟು ಚೆನ್ನಾಗಿ ಅದು ನಡೆದೇ ಇರಲಿಲ್ಲ.

“ಅಯ್ಯೋ, ನೋಡಿ, ಎಡ ಮುಂಗಾಲು,” ಎಂದರು ಡ್ರಿಲ್ ಮೇಷ್ಟ್ರು ಮರುಕದಿಂದ.

“ನನಗೂ ಈಗ ಸರಿಯಾಗಿ ಕಾಣ್ತಿದೆ,” ಎಂದ ಚಪ್ಪಲಿಯವನು. “ಬಹಳ ಕುಂಟ್ತಿದಾನೆ.”

“ಬಿಡ್ರೀ, ನೋವಾಗುತ್ತೆ ಅವನಿಗೆ!” ಎಂದಳು ಹೆಂಡತಿ.

ಮ್ಯಾನೇಜರು ಬಹಳ ಹೊತ್ತು ನೋಡಿದರು. ಆಮೇಲೆ ಪ್ಯಾಂಟಿಗೆ ಕ್ಲಿಪ್ಪು ಹಾಕಿಕೊಂಡು ಸೈಕಲ್ ಹಿಡಿದರು.

“ನಿನ್ನ ನೆಪಗಳನ್ನೆಲ್ಲ ನಾನು ಅಷ್ಟಿಷ್ಟು ನಂಬಿದೀನಿ,” ಎಂದರು. “ಗಿಳಿಯನ್ನೂ ನಂಬಿದೆ. ಇದೊಂದನ್ನ ಮಾತ್ರ ನಂಬೋಕಾಗಲ್ಲಪ್ಪಾ. ಇಷ್ಟು ಕೆಟ್ಟ ಸುಳ್ಳು ನೀನು ಯಾವತ್ತೂ ಹೇಳಿರಲಿಲ್ಲ.”

ಸೈಕಲ್ಲು ಓಣಿಯ ತಿರುವಿನಲ್ಲಿ ಮರೆಯಾಯಿತು. ಜನ ಒಳಗೆ ಹೋದರು. ಭಾವ ಹಿತ್ತಲಿನ ಮಧ್ಯೆ ನಿಂತು, ಮುಂದೇನು ಎನ್ನುವಂತೆ ಕಾಯುತ್ತಿದ್ದ. ನೆಪರಾಯನ ಕೈಯಿಂದ ಜಾರಿದ್ದ ಹಗ್ಗವನ್ನು ಹೆಂಡತಿ ಎತ್ತಿ, ಅದರ ಮಣ್ಣು ಝಾಡಿಸಿ, ಮತ್ತೆ ಅವನ ಕೈಗೇ ಇಟ್ಟಳು.

“ಹಾಗೆ ಓಡಿಸಬಾರದು ರೀ,” ಎಂದಳು ಮೃದುವಾಗಿ. “ನಿಧಾನಕ್ಕೆ. ಇನ್ನೇನು ಅವಸರ ನಿಮಗೆ?”